ಗೇಟಿನ ಥರ್ಮಾಮೀಟರ್ ಸಾಕಾ?

ಸೈಟಿನ ಸುರಕ್ಷತೆ ಅಂದ ಕೂಡಲೇ ನಮಗೆ ನೆನಪಾಗೋದು ಹೆಲ್ಮೆಟ್, ಬೂಟು, ಸೇಫ್ಟಿ ಬೆಲ್ಟ್. ಕೊರೊನಾ ಬಂದಾಗ ಈ ಪಟ್ಟಿಗೆ ಮಾಸ್ಕ್ ಸೇರಿತು, ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರೂ ಸೇರಿತು. ಆಗ ನಾವಿನ್ನೂ ಶಾಲೆಯ ಆನ್‌ಲೈನ್ ಕ್ಲಾಸ್‌ನಲ್ಲಿದ್ವಿ. ಮುಂದೆ ಇಂಥದ್ದೇ ಸಾಂಕ್ರಾಮಿಕ ಬಂದರೆ ಆ ಥರ್ಮಾಮೀಟರ್ ನಮ್ಮ ಕೈಯಲ್ಲೇ ಇರಬಹುದು. ಹಾಗಾಗಿ ಈಗಲೇ ಕೇಳಿಕೊಳ್ಳೋಣ: ಕಾರ್ಮಿಕರನ್ನು ಕಾಪಾಡೋಕೆ ಅದಷ್ಟೇ ಸಾಕಾ?

ಬೆಂಗಳೂರಿನಲ್ಲಿ ಏನಾಯ್ತು?

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಕೆಲಸ ನಿಂತಿತು, ಎಷ್ಟೋ ಕಡೆ ವಾರದ ಬಟವಾಡೆಯೂ ನಿಂತಿತು. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು, ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳದವರು ತಗಡಿನ ಶೆಡ್‌ಗಳಲ್ಲಿ ಸಿಕ್ಕಿಹಾಕಿಕೊಂಡರು. ಮೇ ಮೊದಲ ವಾರದಲ್ಲಿ ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಿಗೇ, ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳು ಬೇಡ ಅಂತ ರಾಜ್ಯ ಸರ್ಕಾರ ರೈಲ್ವೆಗೆ ತಿಳಿಸಿತು. ಟೀಕೆ ಜೋರಾದ ಮೇಲೆ ಕೆಲವೇ ದಿನಗಳಲ್ಲಿ ಆ ತೀರ್ಮಾನ ಬದಲಾಯಿತು. ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಟ್ಟಡ ಕಾರ್ಮಿಕರಿಗೆ ಒಟ್ಟು 5,000 ರೂ. ನೆರವು ಘೋಷಣೆಯಾಯಿತು. ಕಾರ್ಡ್ ಮಾಡಿಸದವರು ಅದರ ಹೊರಗೇ ಉಳಿದರು.

ಕಾನೂನು ಇರಲಿಲ್ಲ ಅಂತಲ್ಲ. ಸೈಟಿನಲ್ಲಿ ಉಳಿಯುವವರಿಗೆ ಉಚಿತ ವಸತಿ, ಬೇರೆ ಅಡುಗೆ ಜಾಗ, ಸ್ನಾನದ ಮನೆ, ಶೌಚಾಲಯ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು.

ಜ್ವರ ಮುಚ್ಚಿಡೋದು ಯಾಕೆ?

ಗೇಟಿನಲ್ಲಿ ಜ್ವರ ಸಿಕ್ಕರೆ ವಾಪಸ್ ಕಳಿಸ್ತೀವಿ. ಅವತ್ತಿನ ಕೂಲಿ ಇಲ್ಲ. ತಿಂಗಳಿಗೊಮ್ಮೆ ಊರಿಗೆ ದುಡ್ಡು ಕಳಿಸಬೇಕಾದವರು ಏನು ಮಾಡ್ತಾರೆ? ಬೆಳಿಗ್ಗೆ ಒಂದು ಪ್ಯಾರಾಸಿಟಮಾಲ್ ನುಂಗಿ ಬರ್ತಾರೆ. ಥರ್ಮಾಮೀಟರ್ 'ಸರಿ ಇದೆ' ಅನ್ನುತ್ತೆ. ಸಾಲದ್ದಕ್ಕೆ ಕೋವಿಡ್ ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಹರಡಬಲ್ಲದು. ಅಂದರೆ ನಮ್ಮ ಯಂತ್ರ ಹಿಡಿಯೋದು ಪ್ರಾಮಾಣಿಕರನ್ನು ಮಾತ್ರ.

ಸೇಫ್ಟಿ ಪಾಠದಲ್ಲಿ ಒಂದು ಕ್ರಮ ಓದ್ತೀವಿ: ಮೊದಲು ಅಪಾಯವನ್ನೇ ತೆಗೆ, ಇಲ್ಲವೇ ಬದಲಿಸು, ಆಮೇಲೆ ಎಂಜಿನಿಯರಿಂಗ್ ವ್ಯವಸ್ಥೆ, ನಂತರ ನಿಯಮಗಳು, ಕಟ್ಟಕಡೆಗೆ ಮೈಮೇಲಿನ ರಕ್ಷಣೆ. ಮಾಸ್ಕ್ ಬೇಕೇ ಬೇಕು, ಆದರೆ ಅದು ಕೊನೇ ಮೆಟ್ಟಿಲು. ಮೇಲಿನ ಮೆಟ್ಟಿಲುಗಳ ಲೆಕ್ಕ ಹಾಕೋಣ. 120 ಜನರ ಒಂದು ಸೈಟು ಅಂತಿಟ್ಟುಕೊಳ್ಳಿ.

1. ಗ್ಯಾಂಗ್: ಎಲ್ಲರೂ ಬೆರೆತರೆ ಒಬ್ಬರ ಸೋಂಕು 120 ಜನರಿಗೂ ತಾಗಬಹುದು. ಸೆಂಟ್ರಿಂಗ್, ಬಾರ್ ಬೆಂಡಿಂಗ್, ಗಾರೆ ಹೀಗೆ 20 ಜನರ 6 ಗ್ಯಾಂಗ್ ಮಾಡಿ, ಶೆಡ್ಡು, ಊಟದ ಸಮಯ, ಶೌಚಾಲಯ ಬೇರೆಯಾಗಿಸಿದರೆ ಅಪಾಯ ಬಹುತೇಕ 20ಕ್ಕೆ ನಿಲ್ಲುತ್ತೆ. ಹಾಯಿಸ್ಟ್ ಆಪರೇಟರ್, ಸ್ಟೋರ್‌ನವರು, ಮೇಸ್ತ್ರಿ ಎಲ್ಲ ಗ್ಯಾಂಗಿಗೂ ಹೋಗಿಬರುವವರು. ನಾವೂ ಅಷ್ಟೇ. ಮೊದಲು ನಿಗಾ ಇಡಬೇಕಾದ್ದು ನಮ್ಮ ಮೇಲೆ.

2. ನಲ್ಲಿ: 20 ಸೆಕೆಂಡ್ ಉಜ್ಜೋದು, ತೊಳೆಯೋದು, ಮುಂದಿನವರಿಗೆ ಜಾಗ ಬಿಡೋದು ಸೇರಿ ತಲೆಗೆ ಒಂದು ನಿಮಿಷ. ಎರಡು ನಲ್ಲಿ ಇದ್ದರೆ 120 ಜನರಿಗೆ 60 ನಿಮಿಷ ಬೇಕು. ಊಟದ ಬಿಡುವು ಅಲ್ಲೇ ಮುಗಿಯುತ್ತೆ! 12 ನಲ್ಲಿ ಇದ್ದರೆ 10 ನಿಮಿಷ. ಸಿಮೆಂಟ್ ಮೆತ್ತಿದ ಕೈಗೆ ಸೋಪು, ನೀರೇ ಸರಿ. ಕೊಳೆ ಇದ್ದರೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ, ವೆಲ್ಡಿಂಗ್ ಹತ್ತಿರ ಅದು ಬೆಂಕಿಗೂ ದಾರಿ.

3. ಶೆಡ್: 10×12 ಅಡಿಯ ಕೋಣೆಯಲ್ಲಿ 8 ಜನ ಮಲಗಿದರೆ ತಲೆಗೆ 15 ಚದರ ಅಡಿ, ಒಂದು ಚಾಪೆಯ ಜಾಗ. ಹಗಲೆಲ್ಲ ಸೈಟಿನಲ್ಲಿ ಆರಡಿ ಅಂತರ ಕಾಯ್ದು ರಾತ್ರಿ ಹೀಗೆ ಮಲಗಿಸಿದರೆ ಏನು ಬಂತು? ಕೋಣೆಗೆ 4 ಜನ, ಎದುರುಬದುರು ಕಿಟಕಿ, ತಗಡಿನ ಕೆಳಗೆ ಗಾಳಿಗೆ ಸಂದು ಬೇಕು.

4. ಕೂಲಿ: ದಿನಕ್ಕೆ 600 ರೂ. ಅಂತಿಟ್ಟುಕೊಂಡರೆ, ಜ್ವರ ಬಂದವರಿಗೆ 14 ದಿನ ಕೂಲಿ ಸಮೇತ ರಜೆ ಕೊಡೋಕೆ 8,400 ರೂ. ಅವರು ಹೇಳದೇ ಉಳಿದು ಇಡೀ ಗ್ಯಾಂಗು ಕ್ವಾರಂಟೈನ್ ಆದರೆ ಕೂಲಿಯೇ 1,68,000 ರೂ. ಇಡೀ ಸೈಟು ನಿಂತರೆ 10,08,000 ರೂ. ಮೊದಲ ಮೊತ್ತ ಕೊಡೋಕೆ ಹಿಂದೆಮುಂದೆ ನೋಡಿದರೆ ಮೂರನೆಯದಕ್ಕೆ ಸಿದ್ಧರಾಗಬೇಕು. ಪ್ರಾಣ ಹೋದರೆ ಅದಕ್ಕೆ ಲೆಕ್ಕವೇ ಇಲ್ಲ.

ಈ ನಾಲ್ಕರಲ್ಲಿ ನಾಲ್ಕನೆಯದು ಇಲ್ಲದಿದ್ದರೆ ಉಳಿದ ಮೂರೂ ಸಡಿಲ. ಹೇಳಿದರೆ ಅನ್ನಕ್ಕೆ ಕುತ್ತಿಲ್ಲ ಅಂತ ಗೊತ್ತಾದಾಗಲೇ ಜನ ಜ್ವರ ಇದೆ ಅಂತ ಹೇಳ್ತಾರೆ. ಆದ್ದರಿಂದ ಈ ಖರ್ಚು ಎಸ್ಟಿಮೇಟ್‌ನಲ್ಲೇ ಒಂದು ಸಾಲಾಗಿ ಬರಬೇಕು. ಉಕ್ಕು, ಸಿಮೆಂಟಿನ ಹಾಗೆ.

ಕೊನೆಗೊಂದು ಮನೆಗೆಲಸ. ನಮ್ಮ ಹಾಸ್ಟೆಲ್ ದಾರಿಯಲ್ಲೂ ಯಾವುದಾದರೂ ಕಟ್ಟಡ ಏಳ್ತಾ ಇರುತ್ತೆ. ಮುಂದಿನ ಸಲ ಹೋದಾಗ ಕಾಲಂ ಎಣಿಸೋದು ಬಿಟ್ಟು ನಲ್ಲಿಗಳನ್ನು ಎಣಿಸೋಣ. ಅಲ್ಲಿರುವ ಅಣ್ಣನನ್ನೋ ಅಕ್ಕನನ್ನೋ ಕೇಳೋಣ: "ಹುಷಾರಿಲ್ಲ ಅಂದ್ರೆ ಕೂಲಿ ಕೊಡ್ತಾರಾ?" ಆ ಸೈಟು ಎಷ್ಟು ಸುರಕ್ಷಿತ ಅನ್ನೋದು ಅವರ ಉತ್ತರದಲ್ಲೇ ಗೊತ್ತಾಗುತ್ತೆ.