ಕರಗುವ ಹೊಲಿಗೆ

ಹೋದ ವರ್ಷ ನನ್ನ ಅಕ್ಕನಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಬೇಕಾಯಿತು. ಮನೆಗೆ ಹೊರಡುವ ದಿನ ನಮ್ಮ ತಾಯಿ, "ಹೊಲಿಗೆ ಬಿಚ್ಚಿಸಲು ಯಾವತ್ತು ಕರಕೊಂಡು ಬರಬೇಕಮ್ಮ?" ಎಂದು ನರ್ಸನ್ನು ಕೇಳಿದರು. "ಬಿಚ್ಚುವುದೇನೂ ಇಲ್ಲ, ತಾನೇ ಕರಗುತ್ತದೆ" ಎಂಬ ಉತ್ತರ ಬಂತು. ದಾರಿಯುದ್ದಕ್ಕೂ ತಾಯಿಗೆ ಅದೇ ಚಿಂತೆ. "ದಾರ ಕರಗಿದರೆ ಗಾಯ ಬಾಯಿ ಬಿಡೋದಿಲ್ಲವೇನೋ? ಕಾಲೇಜು ಓದುತ್ತೀಯಲ್ಲ, ಹೇಳು." ಇತಿಹಾಸದ ವಿದ್ಯಾರ್ಥಿಯಾದ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಕರಗುವ ದಾರ ಹೊಸದೇನೂ ಅಲ್ಲ. ಕುರಿ, ದನಗಳ ಕರುಳಿನಿಂದ ಮಾಡಿದ 'ಕ್ಯಾಟ್‌ಗಟ್' ಶತಮಾನಗಳ ಹಿಂದೆಯೇ ಬಳಕೆಯಲ್ಲಿತ್ತು. (ಹೆಸರಿನಲ್ಲಿ ಬೆಕ್ಕು ಇದ್ದರೂ ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ.) ಅದು ಪ್ರೋಟೀನು, ಆದುದರಿಂದ ಶರೀರದ ಕಿಣ್ವಗಳು ಅದನ್ನು ಜೀರ್ಣಿಸಿಬಿಡುತ್ತವೆ. 1970ರ ದಶಕದಲ್ಲಿ ಕೃತಕ ದಾರಗಳು ಬಳಕೆಗೆ ಬಂದವು. ಅಕ್ಕನಿಗೆ ಹಾಕಿದ್ದು ಪಾಲಿಗ್ಲ್ಯಾಕ್ಟಿನ್ ಎಂಬ ಅಂಥದೊಂದು ದಾರ. ಇದು ಸಕ್ಕರೆಯಂತೆ ಕರಗುವುದಿಲ್ಲ. ಮೈಯೊಳಗಿನ ತೇವವು ಇದರ ಅಣುಗಳ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಕಡಿಯುತ್ತದೆ; ಉಳಿದ ಚೂರುಗಳನ್ನು ಶರೀರವೇ ಸಾಗಹಾಕುತ್ತದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದಾರದ ಬಲ ಕುಂದುವುದು ಬೇರೆ, ದಾರ ಮಾಯವಾಗುವುದು ಬೇರೆ. ಎರಡು ವಾರಕ್ಕೆ ಸುಮಾರು ಮುಕ್ಕಾಲು ಪಾಲು, ಮೂರು ವಾರಕ್ಕೆ ಅರ್ಧದಷ್ಟು ಬಲ ಉಳಿದಿರುತ್ತದೆ. ಪೂರ್ತಿ ಮಾಯವಾಗಲು 56ರಿಂದ 70 ದಿನ ಬೇಕು. ಅಷ್ಟರೊಳಗೆ ಗಾಯದಲ್ಲಿ ಹೊಸ ನಾರು ಹೆಣೆದುಕೊಳ್ಳುತ್ತಾ ಬರುತ್ತದೆ. ಗಾರೆ ಕೆಲಸದ ನಮ್ಮ ತಂದೆ ಇದನ್ನು ಕೇಳಿ, "ತಾರಸಿ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತೇವಲ್ಲ, ಹಾಗೆ" ಎಂದರು. ನನ್ನ ವಿವರಣೆಗಿಂತ ತಾಯಿಗೆ ಅದೇ ಹಿಡಿಸಿತು.

ಆದರೆ ಮೂರನೆಯ ವಾರದಲ್ಲಿ ಗಾಯಕ್ಕೆ ಬಂದಿರುವ ಬಲ ಮೊದಲಿನ ಚರ್ಮದ ಐದನೆಯ ಒಂದು ಪಾಲಿನಷ್ಟೇ. ನೋವು ಇಳಿದು ಬಾಣಂತಿ ಎದ್ದು ಓಡಾಡುವುದೂ, ನೀರಿನ ಕೊಡಕ್ಕೆ ಕೈ ಹಾಕುವುದೂ ಅದೇ ಹೊತ್ತಿಗೆ! ವೈದ್ಯರು ಹೇಳುವವರೆಗೆ ಭಾರ ಎತ್ತಲೇಬಾರದು.

ನಮ್ಮ ಮನೆಯಲ್ಲಿ ಜಗಳವಾದದ್ದು ಬಾಣಂತಿ ಸ್ನಾನಕ್ಕೆ. ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವುದು ಪದ್ಧತಿ. ಹೊಲಿಗೆಯ ಮೇಲೆ ಎಣ್ಣೆಯಾಗಲಿ, ಅರಿಸಿನವಾಗಲಿ, ಬೂದಿಯಾಗಲಿ ಕೂಡದು. ಮೊದಲ ಒಂದೆರಡು ದಿನ ಗಾಯ ಒಣಗಿರಬೇಕು. ಆಮೇಲೆ ಶುದ್ಧ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಉಜ್ಜದೆ, ಒಗೆದ ಬಟ್ಟೆಯಿಂದ ಒತ್ತಿ ಒರೆಸಬೇಕು. ಕೆಂಪು ಹರಡಿದರೆ, ಕೀವು ಬಂದರೆ, ವಾಸನೆ ಹೊಡೆದರೆ, ಗಾಯ ಬಿರಿದರೆ, ಜ್ವರ ಕಾಣಿಸಿದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಹನ್ನೆರಡನೆಯ ದಿನ ಗಾಯದ ಅಂಚಿನಲ್ಲಿ ದಾರದ ತುದಿಯೊಂದು ಕಂಡಿತು. ಪಕ್ಕದ ಮನೆಯ ಅತ್ತೆ ಎಳೆದುಬಿಡುವುದಾಗಿ ಕೈ ಚಾಚಿದರು. ತಾಯಿಯೇ ಅವರ ಕೈ ಹಿಡಿದು, "ಬೇಡಿ ಅತ್ತಿಗೆ, ಅದಿನ್ನೂ ಒಳಗೆ ಹಿಡಿದಿದೆ" ಎಂದರು. ಎಂಟು ದಿನ ಕಳೆದ ಮೇಲೆ ಸೀರೆಯ ಮಡಿಕೆಯಲ್ಲಿ ಆ ತುಂಡು ಸಿಕ್ಕಿತು.