ಮನೆಯ ಕಡಲೆ, ಮನೆಯ ಹಿಟ್ಟು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳದ ಜೊತೆ ಕಡಲೆಯನ್ನೂ ಬಿತ್ತುವವರು ನಾವು. ರಾಶಿಯಾದ ಕೂಡಲೆ ಸಾಲದ ಚಿಂತೆಯಿಂದ ಚೀಲಗಳನ್ನೆಲ್ಲ ಪೇಟೆಗೆ ಸಾಗಿಸುತ್ತೇವೆ. ನಾಲ್ಕು ತಿಂಗಳ ಮೇಲೆ ಕಡಲೆ ಹಿಟ್ಟನ್ನು ಅಂಗಡಿಯಿಂದ ಕೊಂಡು ತರುತ್ತೇವೆ. ಇದರಿಂದ ಹಣಕ್ಕೂ ಆರೋಗ್ಯಕ್ಕೂ ಆಗುವ ನಷ್ಟವನ್ನು ಈ ಸಲ ವಿಚಾರ ಮಾಡೋಣ.

ಆಯುರ್ವೇದದಲ್ಲಿ ಕಡಲೆಗೆ 'ಚಣಕ' ಎಂದು ಹೆಸರು. ಅದು ಹಗುರ, ತಂಪು, ರುಚಿಯಲ್ಲಿ ಸಿಹಿಯೊಡನೆ ಒಗರು. ಪಿತ್ತ ಕಫಗಳಿಗೆ ಹಿತ ಎಂದು ಚರಕ ಸಂಹಿತೆ ಹೇಳುತ್ತದೆ. ಆದರೆ ಅದರ ಗುಣ ರೂಕ್ಷ, ಅಂದರೆ ಒಣಗಿಸುವಂಥದು. ಆದ್ದರಿಂದ ವಾತ ಹೆಚ್ಚಿ ಹೊಟ್ಟೆ ಉಬ್ಬುತ್ತದೆ. ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ: ಎಣ್ಣೆ, ಇಂಗು, ಜೀರಿಗೆ, ಅಜವಾನ, ಬೆಳ್ಳುಳ್ಳಿ, ಶುಂಠಿ.

ನಮ್ಮ ತಾಯಂದಿರು ಮಾಡುವ ಝುಣಕವನ್ನೇ ನೋಡಿರಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗು, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಅರಿಷಿಣ, ಉಪ್ಪು ಹಾಕಿ, ಒಂದು ಬಟ್ಟಲು ಹಿಟ್ಟಿಗೆ ಸುಮಾರು ಎರಡು ಬಟ್ಟಲು ನೀರು ಕುದಿಸಬೇಕು. ಸಣ್ಣ ಉರಿಯಲ್ಲಿ ಘಮ ಬರುವಂತೆ ಹುರಿದ ಹಿಟ್ಟನ್ನು ಗಂಟಾಗದಂತೆ ಸ್ವಲ್ಪಸ್ವಲ್ಪವೇ ಉದುರಿಸಿ ತಿರುವಿ, ಮುಚ್ಚಿ, ಚೆನ್ನಾಗಿ ಬೇಯಿಸಬೇಕು. ಅರೆಬೆಂದ ಹಿಟ್ಟು ಹೊಟ್ಟೆನೋವಿಗೆ ಮೂಲ. ಜೊತೆಗೆ ಜೋಳದ ರೊಟ್ಟಿ, ಮಜ್ಜಿಗೆ ಇರಲಿ.

ಇಂದಿನ ಆಹಾರಶಾಸ್ತ್ರವೂ ಈ ಜೋಡಿಯನ್ನು ಒಪ್ಪುತ್ತದೆ. 100 ಗ್ರಾಂ ಕಡಲೆ ಹಿಟ್ಟಿನಲ್ಲಿ ಸುಮಾರು 20 ಗ್ರಾಂ ಸಸಾರಜನಕ (ಪ್ರೋಟೀನು) ಇದೆ. ಜೋಳದಲ್ಲಿ ಅದರ ಅರ್ಧದಷ್ಟು ಮಾತ್ರ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಅಂಶವನ್ನು ಕಡಲೆ ತುಂಬುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆಯನ್ನು ಮೈದಾದಷ್ಟು ಬೇಗ ಏರಿಸುವುದಿಲ್ಲ. ಆದರೆ ಔಷಧಿ ನಿಲ್ಲಿಸಬಾರದು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಎಣ್ಣೆಯಲ್ಲಿ ಕರಿದ ಭಜಿ ಹಬ್ಬಕ್ಕೆ ಸಾಕು. ದಿನದ ಊಟಕ್ಕೆ ಅದು ಭಾರ.

ಇನ್ನು ಬೆರಕೆಯ ಮಾತು. ಕಾಳಿನಲ್ಲಿ ಬೆರಕೆಯಿದ್ದರೆ ಕಣ್ಣಿಗೆ ಕಾಣುತ್ತದೆ, ಹಿಟ್ಟಾದ ಮೇಲೆ ಕಾಣುವುದಿಲ್ಲ. ಕಡಲೆ ಹಿಟ್ಟಿಗೆ ಅಗ್ಗದ ಬಟಾಣಿ ಹಿಟ್ಟು, ಕೇಸರಿ ಬೇಳೆಯ ಹಿಟ್ಟು, ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಹಳದಿ ಬಣ್ಣ ಬೆರೆಸುವ ದುರಾಸೆಯವರಿದ್ದಾರೆ. ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದವರ ಕಾಲುಗಳು ಶಾಶ್ವತವಾಗಿ ಸೋತುಹೋಗುವುದುಂಟು.

ಆದ್ದರಿಂದ ಮಾರುವ ಮೊದಲು ಮನೆಮಂದಿಗೆ ಬೇಕಾದಷ್ಟು ಕಡಲೆಯನ್ನು ತೆಗೆದಿಡೋಣ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿದರೆ ನುಸಿಯ ಕಾಟ ಕಡಿಮೆ. ಹಿಟ್ಟು ಬಹಳ ದಿನ ಇಟ್ಟರೆ ಕಮಟುವುದರಿಂದ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಬೇಳೆ ಮಾಡಿ ಗಿರಣಿಗೆ ಒಯ್ಯೋಣ. ಬೆವರು ಸುರಿಸಿ ಬೆಳೆದ ಕಾಳಿನ ಮೊದಲ ಪಾಲು ನಮ್ಮ ಮಕ್ಕಳ ತಾಟಿಗೆ ಬರಲಿ.