ಹಾಲಿನ ಕ್ಯಾನಿಗೆ ಲೇಪನ ಬೇಕೇ?



ಒಮ್ಮೆ ಬಳಿದರೆ ತಿಂಗಳುಗಟ್ಟಲೆ ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಹೇಳುವ ಲೇಪನಗಳ ಪ್ರಚಾರ 2020ರ ಕೋವಿಡ್ ಕಾಲದಿಂದೀಚೆಗೆ ಹೆಚ್ಚಿದೆ. ಕೊಟ್ಟಿಗೆಗೂ ಕ್ಯಾನಿಗೂ ಇದನ್ನು ಬಳಿದುಬಿಟ್ಟರೆ ದಿನಾ ತಿಕ್ಕಿ ತೊಳೆಯುವ ಕೆಲಸ ತಪ್ಪೀತೇ ಎಂಬ ಆಸೆ ಯಾರಿಗಾದರೂ ಬರಬಹುದು. ಇದಕ್ಕೆ ಉತ್ತರ ನಮ್ಮ ಕೈಯಳತೆಯಲ್ಲೇ ಇದೆ. ಚನ್ನಗಿರಿ ತಾಲ್ಲೂಕಿನ ನಲ್ಲೂರು ಸೀಮೆಯಲ್ಲಿ ಅಡಿಕೆ ಎಲೆಯೊಂದಿಗೆ ಹಚ್ಚಿಕೊಳ್ಳುವ ಸುಣ್ಣವೂ ಗೋಡೆಗೆ ಬಳಿದಾಗ ಇಂಥದೇ ಒಂದು ಲೇಪನ.

ಹೊಸದಾಗಿ ಅರಳಿಸಿದ ಸುಣ್ಣ ಬಹಳ ತೀಕ್ಷ್ಣವಾದ ಕ್ಷಾರ. ಅದರಲ್ಲಿ ಹೆಚ್ಚಿನ ರೋಗಾಣುಗಳು ಬದುಕಲಾರವು. ಆದರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಸುಣ್ಣದೊಡನೆ ಸೇರಿ ಅದನ್ನು ಮೆಲ್ಲಗೆ ಮತ್ತೆ ಕಲ್ಲಾಗಿಸುತ್ತದೆ. ಗೋಡೆ ಬೆಳ್ಳಗೇ ಇರುತ್ತದೆ, ಸುಣ್ಣದ ಖಾರ ಮಾತ್ರ ಹೋಗಿರುತ್ತದೆ. ಯುಗಾದಿಗೆ ಬಳಿದದ್ದು ದೀಪಾವಳಿಯವರೆಗೂ ಕಾಯುತ್ತದೆ ಎಂದು ನಂಬುವಂತಿಲ್ಲ. ಸಗಣಿ ಮೆತ್ತಿದ ಗೋಡೆಯ ಮೇಲೆ ಹಾಗೆಯೇ ಬಳಿದರಂತೂ ಸುಣ್ಣವೂ ದಂಡ, ಕೂಲಿಯೂ ದಂಡ.

ಹೊಸ ಲೇಪನಗಳಲ್ಲಿ ಬೆಳ್ಳಿ, ತಾಮ್ರ ಅಥವಾ ಕೆಲವು ಅಮೋನಿಯಂ ಸಂಯುಕ್ತಗಳಿರುತ್ತವೆ. ಸೂಕ್ಷ್ಮಾಣು ಅವುಗಳ ಸಂಪರ್ಕಕ್ಕೆ ಬಂದರೆ ಮಾತ್ರ ಸಾಯುತ್ತದೆ. ಹಾಲಿನ ಪಾತ್ರೆಯಲ್ಲಿ ತೊಡಕಿರುವುದೇ ಇಲ್ಲಿ. ಸರಿಯಾಗಿ ತೊಳೆಯದ ಕ್ಯಾನಿನ ಒಳಗೆ ಜಿಡ್ಡು ಮತ್ತು ಹಾಲಿನ ಪೊರೆ ಕಟ್ಟುತ್ತದೆ. ಲೇಪನ ಆ ಪೊರೆಯ ಕೆಳಗೆ, ರೋಗಾಣು ಮೇಲೆ! ಬೆಚ್ಚಗಿನ ಹಾಲಿನಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಒಂದು ಸೂಕ್ಷ್ಮಾಣು ಐದು ಗಂಟೆಯಲ್ಲಿ ಸಾವಿರ ದಾಟುತ್ತದೆ. ಸಂಘದಲ್ಲಿ ಹಾಲು ಒಡೆದು ವಾಪಸಾದರೆ ನಷ್ಟ ನಮ್ಮದೇ.

ತಾಮ್ರದ ಗುಣ ಸುಳ್ಳಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತಾಮ್ರದ ಮಿಶ್ರಲೋಹಗಳನ್ನು ಬ್ಯಾಕ್ಟೀರಿಯಾ ನಾಶಪಡಿಸುವ ಮೇಲ್ಮೈ ಎಂದು ನೋಂದಾಯಿಸಿತು. ಆದರೂ ಹಾಲಿಗೆ ತಾಮ್ರ, ಹಿತ್ತಾಳೆ ಬೇಡ. ತಾಮ್ರದ ಅಂಶ ಅತ್ಯಲ್ಪ ಸೇರಿದರೂ ಜಿಡ್ಡು ಕೆಟ್ಟು ಹಾಲಿಗೆ ಕಮಟು ವಾಸನೆ ಬರುತ್ತದೆ. ಸ್ಟೀಲ್ ಕ್ಯಾನಿಗೆ ಕೊಲ್ಲುವ ಶಕ್ತಿ ಇಲ್ಲ, ಅದು ನುಣುಪಾಗಿದ್ದು ಚೆನ್ನಾಗಿ ತೊಳೆಯಲು ಬರುತ್ತದೆ, ಅಷ್ಟೆ. ನಮಗೆ ಬೇಕಾದದ್ದೂ ಅದೇ.

ಆದ್ದರಿಂದ ಕ್ಯಾನಿನ ಒಳಮೈಗೆ ಯಾವ ಲೇಪನವನ್ನೂ ಬಳಿಯಬೇಡಿ. ಔಷಧದ ಅಂಶ ಹಾಲಿಗೆ ಇಳಿದರೆ ಕುಡಿಯುವವರಿಗೆ ತೊಂದರೆ, ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗದಿರಬಹುದು. ಗೋಡೆಗೆ ಸುಣ್ಣ ಇರಲಿ, ಸಗಣಿ ಕೆರೆದು ತೊಳೆದ ಮೇಲೆ ಬಳಿಯಿರಿ, ಆಗಾಗ್ಗೆ ಬಳಿಯಿರಿ. ಕಾಲುಬಾಯಿ ಜ್ವರ ಬಂದ ಕೊಟ್ಟಿಗೆಯ ನೆಲಕ್ಕೆ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಹಾಕಿ ತೊಳೆಯಬಹುದು.

ಕ್ಯಾನನ್ನು ಹಾಲು ಸುರಿದ ಕೂಡಲೇ ಮೊದಲು ತಣ್ಣೀರಿನಲ್ಲಿ ಜಾಲಿಸಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶ ಬೆಂದು ಲೋಹಕ್ಕೆ ಅಂಟುತ್ತದೆ. ಆಮೇಲೆ ಪಾತ್ರೆ ತೊಳೆಯುವ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಬ್ರಶ್ಶಿನಿಂದ ತಿಕ್ಕಿ. (ಅಲ್ಯೂಮಿನಿಯಂ ಕ್ಯಾನಿಗೆ ವಾಷಿಂಗ್ ಸೋಡಾ ಬೇಡ, ಲೋಹ ತಿನ್ನುತ್ತದೆ.) ಶುದ್ಧ ನೀರಿನಲ್ಲಿ ತೊಳೆದು, ಕುದಿನೀರು ಹಾಯಿಸಿ, ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿ. ಮುಚ್ಚಳದ ರಬ್ಬರನ್ನು ದಿನಾ ಬಿಚ್ಚಿ ತೊಳೆಯಿರಿ. ಅದು ಬಿರುಕು ಬಿಟ್ಟಿದ್ದರೆ ಹೊಸದು ಹಾಕಿಸಿಕೊಳ್ಳಿ, ಆ ಬಿರುಕಿನೊಳಗೆ ಬ್ರಶ್ಶು ಹೋಗುವುದಿಲ್ಲ.